ಒಂದೇ ಅಳತೆಯ ಲೋಟ, ನಾಲ್ಕು ಬಗೆಯ ಮೇಣ

ಗಾಜಿನ ಲೋಟದಲ್ಲಿ ಮೇಣ ಎರೆದು ಸುಗಂಧದ ಮೇಣದಬತ್ತಿ ಮಾಡುವ ಕೆಲಸಕ್ಕೆ ನಾನು ಕೈಹಾಕಿದ್ದು ಕಳೆದ ನವೆಂಬರಿನಲ್ಲಿ, ದೀಪಾವಳಿ ಮುಗಿದ ಮೇಲೆ. ಸಾಮಾನು ಕೊಳ್ಳಲು ಹೋದಲ್ಲೆಲ್ಲ ಸೋಯಾ ಮೇಣವೇ ಶುದ್ಧವೆಂದು ಒಬ್ಬರು, ಪ್ಯಾರಾಫಿನ್ ಇಲ್ಲದೆ ಪರಿಮಳ ಹರಡುವುದೇ ಇಲ್ಲವೆಂದು ಇನ್ನೊಬ್ಬರು, ಜೇನುಮೇಣಕ್ಕೆ ಸರಿಸಾಟಿಯಾದದ್ದು ಯಾವುದೂ ಇಲ್ಲವೆಂದು ಮತ್ತೊಬ್ಬರು ಹೇಳಿದ್ದರಿಂದ, ಮೂರನ್ನೂ ತಂದು, ಏಪ್ರಿಲ್‌ವರೆಗೆ ಮೈಸೂರಿನ ನಮ್ಮ ಮನೆಯಲ್ಲಿಯೇ ಅಕ್ಕಪಕ್ಕ ಇಟ್ಟು ಉರಿಸಿ ನೋಡಿದೆ. ನಡುವೆ ಸೋಯಾವನ್ನೂ ಪ್ಯಾರಾಫಿನ್ನನ್ನೂ ಸಮಸಮ ಬೆರೆಸಿದ ಮಿಶ್ರಣವೊಂದು ನಾಲ್ಕನೆಯದಾಗಿ ಸೇರಿಕೊಂಡಿತು.

ಹೋಲಿಕೆ ನ್ಯಾಯವಾಗಿರಲೆಂದು ಲೋಟಗಳನ್ನೆಲ್ಲ ಒಂದೇ ಅಳತೆಯವನ್ನಾಗಿ ಆರಿಸಿಕೊಂಡೆ: ಒಳಗಿನ ಅಗಲ 7 ಸೆಂಟಿಮೀಟರ್, ಎತ್ತರ 8 ಸೆಂಟಿಮೀಟರ್. ಪ್ರತಿ ಲೋಟಕ್ಕೆ 200 ಗ್ರಾಂ ಮೇಣ, ಅದರ ನೂರಕ್ಕೆ 8ರಷ್ಟು, ಎಂದರೆ 16 ಗ್ರಾಂ, ಮಲ್ಲಿಗೆ ಪರಿಮಳದ ತೈಲ. ತೈಲವನ್ನು ಚಮಚದಲ್ಲಿ ಅಳೆಯದೆ ತಕ್ಕಡಿಯಲ್ಲಿಯೇ ತೂಗಿದೆ, ಏಕೆಂದರೆ ಒಂದೊಂದು ತೈಲದ ಸಾಂದ್ರತೆ ಒಂದೊಂದು ತೆರನಾಗಿರುವುದರಿಂದ ಚಮಚದ ಲೆಕ್ಕ ನಿಲ್ಲುವುದಿಲ್ಲ. ಮೇಣವನ್ನು ನೇರವಾಗಿ ಒಲೆಯ ಮೇಲೆ ಇಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಒಂದು ಸಣ್ಣ ಡಬರಿಯನ್ನು ಇಟ್ಟು ಕರಗಿಸಿದೆ. ಮೇಣಕ್ಕೆ ಬೆಂಕಿ ಹತ್ತಿಕೊಂಡರೆ ನೀರು ಸುರಿಯಲೇಬಾರದು, ಮುಚ್ಚಳ ಮುಚ್ಚಿ ಉರಿ ಆರಿಸಬೇಕು ಎಂಬುದನ್ನು ಮೊದಲೇ ತಿಳಿದುಕೊಂಡು, ಡಬರಿಗೆ ಸರಿಯಾಗಿ ಕೂರುವ ತಟ್ಟೆಯೊಂದನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಅದೃಷ್ಟವಶಾತ್ ಅದರ ಅಗತ್ಯ ಬೀಳಲಿಲ್ಲ. ಇನ್ನೊಂದು ಮಾತು: ಕನ್ನಡದಲ್ಲಿ ಇಡೀ ವಸ್ತುವಿಗೂ ಬತ್ತಿಯೆನ್ನುತ್ತೇವೆ, ಅದರೊಳಗಿನ ನೂಲಿಗೂ ಬತ್ತಿಯೆನ್ನುತ್ತೇವೆ. ಗೊಂದಲವಾಗದಿರಲೆಂದು ಇಲ್ಲಿ ಬತ್ತಿ ಎಂದರೆ ನೂಲು ಮಾತ್ರ.

ಮೊದಲು ಪ್ಯಾರಾಫಿನ್. ಇದು ಕಚ್ಚಾತೈಲದ ಸಂಸ್ಕರಣೆಯಲ್ಲಿ ಸಿಗುವ ಮೇಣ; ಪೇಟೆಯಲ್ಲಿ ಬಿಳಿಯ ಹಲಗೆಗಳಾಗಿ ದೊರೆಯುತ್ತದೆ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ನನಗೆ ಅಂಗಡಿಯವರು ಕೊಟ್ಟದ್ದು 58ರಿಂದ 60 ಡಿಗ್ರಿಯಲ್ಲಿ ಕರಗುವ ಗಟ್ಟಿ ಜಾತಿಯದು. ಅದು ಲೋಟದ ಆಸರೆಯಿಲ್ಲದೆ ನಿಲ್ಲುವ ಕಂಬದ ಮೇಣದಬತ್ತಿಗೆ ಹೊಂದುವ ಮೇಣವೆಂಬುದು ಎರೆದ ಮೇಲೆ ಗೊತ್ತಾಯಿತು. ಆರುತ್ತಾ ಹೋದಂತೆ ಅದು ಕುಗ್ಗಿ, ಬತ್ತಿಯ ಸುತ್ತ ಕಿರುಬೆರಳು ಇಳಿಯುವಷ್ಟು ಆಳದ ಬಾವಿ ಬಿದ್ದಿತು. ಅಲ್ಲಲ್ಲಿ ಗಾಜಿನಿಂದಲೂ ಬಿಟ್ಟುಕೊಂಡಿತು. ಸ್ವಲ್ಪ ಮೇಣವನ್ನು ಮೊದಲೇ ತೆಗೆದಿಟ್ಟುಕೊಂಡು, ಗಟ್ಟಿಯಾಗುವ ಹೊತ್ತಿಗೆ ಕಡ್ಡಿಯಿಂದ ಒಂದೆರಡು ಕಡೆ ಚುಚ್ಚಿ, ಎರಡನೆಯ ಸಲ ಎರೆಯುವುದೇ ಇದಕ್ಕೆ ಪರಿಹಾರ. ಆದರೆ ನಿಜವಾದ ತೊಡಕು ಮರುದಿನ ಕಾಣಿಸಿತು. ಮೇಲ್ಮೈ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಎಣ್ಣೆಯ ಹನಿಗಳು ಬೆವರಿನಂತೆ ಮೂಡಿದ್ದವು. ಚೆನ್ನಾಗಿ ಸಂಸ್ಕರಿಸಿದ ಪ್ಯಾರಾಫಿನ್ ಬೇರೆ ಸೇರಿಕೆಗಳಿಲ್ಲದೆ ನೂರಕ್ಕೆ 8ರಷ್ಟು ತೈಲವನ್ನು ಹಿಡಿದಿಟ್ಟುಕೊಳ್ಳಲಾರದು. ಹಾಗಾಗಿ ಎಲ್ಲಕ್ಕೂ ಒಂದೇ ಪ್ರಮಾಣ ಎಂಬ ನನ್ನ ನಿಯಮವನ್ನು ಇಲ್ಲಿ ಮುರಿದು, 5ಕ್ಕೆ ಇಳಿಸಿದೆ. ಅಷ್ಟು ಕಡಿಮೆ ಹಾಕಿದರೂ, ಹಚ್ಚಿದ ಅರ್ಧ ಗಂಟೆಯಲ್ಲಿ ಮಲ್ಲಿಗೆಯ ಪರಿಮಳ ಹಜಾರವನ್ನು ದಾಟಿ ಒಳಕೋಣೆಗೆ ಬಂದದ್ದು ಈ ಲೋಟದಿಂದ ಮಾತ್ರ. ಪರಿಮಳ ಹರಡುವ ಬಲದಲ್ಲಿ ಪ್ಯಾರಾಫಿನ್ ಮುಂದಿದೆ ಎಂಬ ಮಾತನ್ನು ನನ್ನ ಅನುಭವ ಅಲ್ಲಗಳೆಯುವುದಿಲ್ಲ.

ಪ್ಯಾರಾಫಿನ್ ಎಂದರೆ ಹೊಗೆ, ಮಸಿ, ವಿಷ ಎಂದು ಹೆದರಿಸುವವರಿದ್ದಾರೆ. ಮಸಿಯ ಮಟ್ಟಿಗೆ ಒಂದು ಸರಳ ಪರೀಕ್ಷೆ ಮಾಡಿದೆ: ಉರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹೊಳೆಯುವ ಸ್ಟೀಲ್ ಸೌಟನ್ನು ಎರಡು ನಿಮಿಷ ಹಿಡಿದು ನೋಡಿದೆ. ಬತ್ತಿಯನ್ನು 5 ಮಿಲಿಮೀಟರಿಗೆ ಕತ್ತರಿಸಿದ್ದಾಗ ಪ್ಯಾರಾಫಿನ್ನಿನ ಸೌಟಿಗೂ ಸೋಯಾದ ಸೌಟಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ಬತ್ತಿಯನ್ನು ಉದ್ದ ಬಿಟ್ಟು, ಫ್ಯಾನ್ ಹಾಕಿದಾಗ ಎರಡೂ ಸೌಟುಗಳು ಕಪ್ಪಾದವು. ಯಾವ ಮೇಣವಾದರೂ ಪೂರ್ತಿ ಉರಿಯದೆ ಹೋದರೆ ಇಂಗಾಲ ಉಳಿಯುತ್ತದೆ. ಉರಿ ಅಲುಗಾಡುವುದು, ಬತ್ತಿ ಬೇಕಾದ್ದಕ್ಕಿಂತ ಹೆಚ್ಚು ಮೇಣ ಹೀರುವುದು ಇದಕ್ಕೆ ಕಾರಣ.

ಸೋಯಾ ಮೇಣವನ್ನು ಅರ್ಥ ಮಾಡಿಕೊಳ್ಳಲು ಅಡುಗೆಯ ವನಸ್ಪತಿ ತುಪ್ಪವನ್ನು ನೆನೆದರೆ ಸಾಕು. ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿಯಾಗಿಸುವ ವಿಧಾನ ಎರಡಕ್ಕೂ ಒಂದೇ. ಅಮೆರಿಕದಲ್ಲಿ ಇದು ಮೇಣದಬತ್ತಿಗೆ ಬಳಕೆಯಾಗತೊಡಗಿದ್ದು 1990ರ ದಶಕದಲ್ಲಿ, ಜೇನುಮೇಣಕ್ಕೆ ಅಗ್ಗದ ಬದಲಿಯನ್ನು ಹುಡುಕುತ್ತಿದ್ದಾಗ. ಅವಲಕ್ಕಿಯಂಥ ಚೂರುಗಳಾಗಿ ಬರುವ ಈ ಮೇಣ 50 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಗಾಜಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಒಂದೇ ಸಲ ಎರೆದರೆ ಸಾಕು, ಹೆಚ್ಚು ಕುಗ್ಗುವುದಿಲ್ಲ. 80 ಡಿಗ್ರಿಯಲ್ಲಿ ತೈಲ ಹಾಕಿ, ಎರಡು ನಿಮಿಷ ನಿಧಾನವಾಗಿ ತಿರುವಿ, 58ಕ್ಕೆ ಇಳಿದಾಗ ಎರೆದೆ. 16 ಗ್ರಾಂ ತೈಲವನ್ನೂ ಅದು ತಕರಾರಿಲ್ಲದೆ ಹಿಡಿದುಕೊಂಡಿತು. ಹೊಸಬರ ತಪ್ಪುಗಳನ್ನು ಇಷ್ಟು ಸಹಿಸಿಕೊಳ್ಳುವ ಮೇಣ ಇನ್ನೊಂದಿಲ್ಲ.

ಆದರೂ ಎರಡು ವಿಷಯಗಳಲ್ಲಿ ಅದು ನನ್ನನ್ನು ದಾರಿ ತಪ್ಪಿಸಿತು. ಮೊದಲನೆಯದು ನೋಟ. ಎರಡು ವಾರಗಳಲ್ಲಿ ಗಾಜಿನ ಒಳಬದಿಯಲ್ಲಿ ಬಿಳಿಯ ಚಿತ್ತಾರ ಮೂಡಿತು. ಬೂಷ್ಟು ಹಿಡಿಯಿತೆಂದು ಗಾಬರಿಯಾಗಿ ಚಾಕುವಿನಿಂದ ಕೆರೆದು ನೋಡಿದೆ. ತುಪ್ಪ ನಿಧಾನವಾಗಿ ಆರಿದಾಗ ಹರಳುಗಟ್ಟುವುದಿಲ್ಲವೇ, ಇದೂ ಅದೇ. ಉರಿಗೂ ಪರಿಮಳಕ್ಕೂ ಇದರಿಂದ ಬಾಧಕವಿಲ್ಲ. ಬಣ್ಣ ಹಾಕದೆ ಬಿಟ್ಟರೆ ಅದು ಎದ್ದು ಕಾಣುವುದೂ ಇಲ್ಲ. ಎರಡನೆಯದು ಪರಿಮಳ ಕೂಡಲು ಬೇಕಾದ ಕಾಲ. ಎರೆದ ಮರುದಿನ ಹಚ್ಚಿದಾಗ ಮೂಗನ್ನು ಲೋಟದ ಹತ್ತಿರ ಒಯ್ದರೂ ಬಿಸಿ ಎಣ್ಣೆಯ ವಾಸನೆಯೇ ಹೊರತು ಮಲ್ಲಿಗೆಯಿಲ್ಲ. ತೈಲ ಸಾಲದೆಂದು ತಪ್ಪು ತಿಳಿದು, ಮುಂದಿನ ಲೋಟಕ್ಕೆ 26 ಗ್ರಾಂ ಸುರಿದೆ. ಹೆಚ್ಚಾದ ತೈಲ ತಳದಲ್ಲಿ ಕೆರೆಯಾಗಿ ನಿಂತು, ಆ ಲೋಟ ಕೆಟ್ಟಿತು. ಮೊದಲಿನ ಲೋಟವನ್ನೇ ಮುಚ್ಚಿಟ್ಟು ಹದಿನೈದು ದಿನದ ಮೇಲೆ ಹಚ್ಚಿದಾಗ ಪರಿಮಳ ತಾನಾಗಿ ಬಂದಿತು. ಉಪ್ಪಿನಕಾಯಿ ಭರಣಿಯನ್ನು ಹಾಕಿದ ದಿನವೇ ಬಗ್ಗಿ ನೋಡಬಾರದೆಂದು ತಿಳಿದವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ನನಗೆ ಮಾತ್ರ ಒಂದು ಲೋಟ ಮೇಣದ ಬೆಲೆ ತೆರಬೇಕಾಯಿತು. ಪ್ಯಾರಾಫಿನ್ನಿಗೆ ಎರಡು ಮೂರು ದಿನ ಸಾಕು.

ಜೇನುಮೇಣದ ವಿಷಯದಲ್ಲಿ ನನ್ನ ತೀರ್ಮಾನ ಹೆಚ್ಚು ಕಠಿಣವಾಗಿದೆ. ಕೊಡಗಿನಿಂದ ತರಿಸಿದ ಹಳದಿ ಗಟ್ಟಿ, ಮುಟ್ಟಿದರೆ ಜಿಗುಟು, ಮೂಗಿಗೆ ಹಿಡಿದರೆ ಜೇನು. ಅಷ್ಟು ಚೆಂದದ ವಸ್ತುವನ್ನು ಸುಗಂಧದ ಲೋಟಕ್ಕೆ ಹಾಕಿದ್ದೇ ತಪ್ಪು. ಅದರ ಸ್ವಂತ ಪರಿಮಳದ ಅಡಿಯಲ್ಲಿ ಮಲ್ಲಿಗೆ ಅಡಗಿಹೋಯಿತು, ಎರಡೂ ಸೇರಿ ಹುಟ್ಟಿದ ಮೂರನೆಯ ವಾಸನೆ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. 62ರಿಂದ 64 ಡಿಗ್ರಿಯಲ್ಲಿ ಕರಗುವ, ಕರಗಿದ ಮೇಲೂ ಮಂದವಾಗಿಯೇ ಇರುವ ಈ ಮೇಣವನ್ನು, ಸೋಯಾಕ್ಕೆ ಸರಿಹೊಂದಿದ ಬತ್ತಿ ಮೇಲೆಳೆಯಲಾರದೆ, ಉರಿ ಕಡಲೆ ಕಾಳಿನಷ್ಟಕ್ಕೆ ಇಳಿದು, ನಡುವೆ ಸುರಂಗ ಕೊರೆಯುತ್ತಾ ಹೋಯಿತು. ನಾಲ್ಕು ಗಂಟೆ ಉರಿಸಿ, ಮೊದಲು ಮತ್ತು ಆಮೇಲೆ ತೂಗಿದಾಗ ಪ್ಯಾರಾಫಿನ್ 27 ಗ್ರಾಂ, ಮಿಶ್ರಣ 24, ಸೋಯಾ 21 ಗ್ರಾಂ ಕಳೆದುಕೊಂಡಿದ್ದರೆ ಜೇನುಮೇಣ ಕಳೆದುಕೊಂಡದ್ದು 13 ಮಾತ್ರ. ಇದನ್ನು ಹೆಚ್ಚು ಬಾಳಿಕೆಯೆಂದು ಓದಬಾರದು. ಅಂಚಿನ ಮೇಣವೆಲ್ಲ ಕರಗದೆ ಉಳಿದ ಲೆಕ್ಕವದು. ದಪ್ಪ ಬತ್ತಿ ಹಾಕಿದರೆ ಉರಿ ಸರಿಹೋಗುತ್ತದೆ, ಪರಿಮಳದ ಜಗಳ ಮಾತ್ರ ತೀರುವುದಿಲ್ಲ. ತೈಲ ಹಾಕದೆ, ಅದರ ಪಾಡಿಗೆ ಅದನ್ನು ಉರಿಸುವವರಿಗೆ ಇದು ಒಳ್ಳೆಯ ಮೇಣ. ಬೆಲೆ, ನಾನು ಕೊಂಡಂತೆ, ಪ್ಯಾರಾಫಿನ್ನಿನ ನಾಲ್ಕು ಪಟ್ಟು. ತೆಂಗಿನ ಮೇಣವನ್ನೂ ಒಮ್ಮೆ ತರಿಸಿದ್ದೆ. ಒಂಟಿಯಾಗಿ ಬಳಸಲು ತೀರಾ ಮೃದು, ಬೇರೆ ಮೇಣದ ಜೊತೆಗೇ ಬೆರೆಸಬೇಕು, ಆದ್ದರಿಂದ ಈ ಹೋಲಿಕೆಯಿಂದ ಅದನ್ನು ಕೈಬಿಟ್ಟೆ.

ಮಿಶ್ರಣ ಹುಟ್ಟಿದ್ದು ಒಂದು ದೂರಿನಿಂದ. ಮಾರ್ಚ್ ಕೊನೆಯಲ್ಲಿ ರಾಯಚೂರಿನ ಅಕ್ಕನಿಗೆ ಎರಡು ಸೋಯಾ ಲೋಟಗಳನ್ನು ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳುಹಿಸಿದ್ದೆ. “ಇದೇನೇ, ಬೆಣ್ಣೆ ಕಳಿಸೀಯಲ್ಲ” ಎಂದು ಅವಳು ಫೋನ್ ಮಾಡಿದಳು. ಮೇಣ ಒಂದು ಬದಿಗೆ ವಾಲಿ, ಬತ್ತಿ ಗಾಜಿಗೆ ಒರಗಿತ್ತು. ನೂರು ಗ್ರಾಂ ಸೋಯಾಕ್ಕೆ ನೂರು ಗ್ರಾಂ ಪ್ಯಾರಾಫಿನ್ ಸೇರಿಸಿ, ತೈಲವನ್ನು ನೂರಕ್ಕೆ 7ಕ್ಕೆ ನಿಲ್ಲಿಸಿದಾಗ ಬೆವರು ಬರಲಿಲ್ಲ, ಬಾವಿ ಬಿದ್ದರೂ ಒಂದು ಚಮಚ ಮೇಣದಲ್ಲಿ ಮುಚ್ಚಿತು, ಪರಿಮಳ ನಾಲ್ಕನೆಯ ದಿನಕ್ಕೇ ಏರಿತು. ಏಪ್ರಿಲಿನ ಬಿಸಿಲಿನಲ್ಲಿ ಕಿಟಕಿಯ ಪಕ್ಕ ಮೂರು ದಿನ ಇಟ್ಟರೂ ಆಕಾರ ಬಿಡಲಿಲ್ಲ. ನೋಟದಲ್ಲಿ ಸೋಯಾದ ಹಾಲುಬಿಳುಪೂ ಇಲ್ಲ, ಪ್ಯಾರಾಫಿನ್ನಿನ ನುಣುಪೂ ಇಲ್ಲ. ಅಷ್ಟನ್ನು ನಾನು ಸಹಿಸಿಕೊಳ್ಳಬಲ್ಲೆ.

ಮೇಣದ ಬಗ್ಗೆ ಇಷ್ಟು ವಾದಿಸುವ ಮಂದಿ ಬತ್ತಿಯ ಬಗ್ಗೆ ಅದರ ಅರ್ಧದಷ್ಟೂ ಮಾತನಾಡುವುದಿಲ್ಲ, ಆದರೆ ನನ್ನ ಕೆಟ್ಟ ಲೋಟಗಳಲ್ಲಿ ಹೆಚ್ಚಿನವು ಕೆಟ್ಟದ್ದು ಬತ್ತಿಯಿಂದ. ಮೊದಲ ಪ್ರಯತ್ನದಲ್ಲಿ ದೇವರ ಕೋಣೆಯ ನೂಲುಬತ್ತಿಯನ್ನೇ ಎರಡೆಳೆ ಹೊಸೆದು ಹಾಕಿದ್ದೆ. ಎಣ್ಣೆ ದೀಪದಲ್ಲಿ ಅದಕ್ಕೆ ಹಣತೆಯ ಅಂಚಿನ ಆಸರೆಯಿರುತ್ತದೆ. ಕರಗಿದ ಮೇಣದಲ್ಲಿ ಅದು ಬಾಗಿ ಮುಳುಗಿ ಆರಿಹೋಯಿತು. ಮೇಣದಬತ್ತಿಗೆ ಬೇಕಾದದ್ದು ಜಡೆಯಂತೆ ಹೆಣೆದು, ಮೇಣ ಸವರಿ, ತಳಕ್ಕೆ ಲೋಹದ ಬಿಲ್ಲೆ ಕಚ್ಚಿಸಿದ ಬತ್ತಿ. ಹೆಣೆದ ಬತ್ತಿಯನ್ನು 1825ರಲ್ಲಿ ಫ್ರಾನ್ಸಿನ ಕಾಂಬಾಸೆರೆಸ್ ರೂಪಿಸಿದ. ಹೆಣಿಗೆಯಿಂದಾಗಿ ಅದರ ಕುಡಿ ಉರಿಯ ಅಂಚಿಗೆ ಬಾಗಿ ತಾನೇ ಸುಟ್ಟುಕೊಳ್ಳುತ್ತದೆ, ಹಿಂದಿನಂತೆ ಗಳಿಗೆಗೊಮ್ಮೆ ಕತ್ತರಿ ಹಿಡಿಯಬೇಕಾಗಿಲ್ಲ. ಒಂದೇ ಮೇಣಕ್ಕೆ ಮೂರು ದಪ್ಪದ ಬತ್ತಿಗಳನ್ನು ಹಾಕಿ ನೋಡಿದೆ. ತೆಳ್ಳನೆಯದು ಸುರಂಗ ಕೊರೆಯಿತು. ದಪ್ಪನೆಯದರ ಕುಡಿಯಲ್ಲಿ ಅಣಬೆಯಂಥ ಕರಿಗಂಟು ಕಟ್ಟಿ, ಲೋಟದ ಹೊರಮೈ ಮುಟ್ಟಲಾಗದಷ್ಟು ಕಾದಿತು. ನಡುವಿನದು ಎರಡೂವರೆ ಗಂಟೆಯಲ್ಲಿ ಗಾಜಿನ ಅಂಚಿನವರೆಗೆ ಮೇಣವನ್ನು ಕರಗಿಸಿತು. ಆ ಕರಗಿದ ಕೊಳದ ಅಗಲವೇ ಪರಿಮಳದ ಅಳತೆ, ತೈಲ ಗಾಳಿಗೆ ಏರುವುದು ಅಲ್ಲಿಂದಲೇ. ಮೊದಲ ಸಲ ಹಚ್ಚಿದಾಗ ಕೊಳ ಅಂಚು ತಲುಪುವ ಮೊದಲೇ ಆರಿಸಿದರೆ, ಮುಂದಿನ ಸಲವೂ ಮೇಣ ಅದೇ ಗುಂಡಿಯಲ್ಲೇ ಕರಗತೊಡಗುತ್ತದೆ.

ತೈಲದಲ್ಲಿ ಮೂರನ್ನು ಹೋಲಿಸಿದೆ. ಮೈಸೂರಿನಲ್ಲಿ ಅಗರಬತ್ತಿಯ ಸುಗಂಧ ಸುಲಭವಾಗಿ ಸಿಗುವುದರಿಂದ ಮೊದಲು ಅದನ್ನೇ ತಂದೆ. ಕಡ್ಡಿ ಅದ್ದಲು ತೆಳುವಾಗಿಸಿದ ಆ ದ್ರವ ಮೇಣದಲ್ಲಿ ಬೆರೆಯದೆ ಬೇರೆಯಾಯಿತು. ಎಸೆನ್ಷಿಯಲ್ ಆಯಿಲ್‌ಗಳಲ್ಲಿ, ಎಂದರೆ ಗಿಡಗಳಿಂದಲೇ ತೆಗೆದ ಸಹಜ ಸುಗಂಧ ತೈಲಗಳಲ್ಲಿ, ಮಜ್ಜಿಗೆಹುಲ್ಲಿನದು ಚೆನ್ನಾಗಿ ನಿಂತಿತು, ಕಿತ್ತಳೆಯದು ಹಚ್ಚಿದ ಹತ್ತು ನಿಮಿಷಕ್ಕೆ ಹಾರಿಹೋಯಿತು. ಶ್ರೀಗಂಧದೆಣ್ಣೆಯನ್ನು, ನೂರು ವರ್ಷಕ್ಕೂ ಮೀರಿ ಅದನ್ನು ಬಟ್ಟಿಯಿಳಿಸುತ್ತಾ ಬಂದ ಊರಿನಲ್ಲಿದ್ದುಕೊಂಡೂ, ಲೋಟವೊಂದಕ್ಕೆ 16 ಗ್ರಾಂ ಹಾಕುವ ಶಕ್ತಿ ನನಗಿಲ್ಲ. ಇನ್ನು ಮಲ್ಲಿಗೆ: ಹಬೆಯ ಬಿಸಿಗೆ ಹೂವಿನ ಪರಿಮಳ ಕೆಡುವುದರಿಂದ ಅದನ್ನು ಹೆಚ್ಚಾಗಿ ದ್ರಾವಕದಿಂದ ತೆಗೆಯುತ್ತಾರೆ, ಬೆಲೆ ಬಹಳ, ಅಗ್ಗದ ಸೀಸೆಯ ಮೇಲೆ ಶುದ್ಧ ಮಲ್ಲಿಗೆಯ ಎಸೆನ್ಷಿಯಲ್ ಆಯಿಲ್ ಎಂದು ಬರೆದಿದ್ದರೆ ನಂಬಬೇಡಿ. ಮೇಣದಬತ್ತಿಗೆಂದೇ ತಯಾರಿಸಿದ ಕೃತಕ ತೈಲವೇ ಹೊಸಬರಿಗೆ ಸರಿ.

ಹೀಗಾಗಿ ಮೊದಲ ಹತ್ತು ಲೋಟಗಳನ್ನು ಸೋಯಾದಲ್ಲಿ ಮಾಡಿ ಎನ್ನುತ್ತೇನೆ. ಬೇಸಿಗೆಯಲ್ಲಿ, ಅಥವಾ ಬೇರೆ ಊರಿಗೆ ಕಳುಹಿಸುವುದಿದ್ದರೆ, ಮಿಶ್ರಣಕ್ಕೆ ಬನ್ನಿ. ಒಂದು ಸಲಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಉರಿಸಬಾರದು, ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಬೇಕು, ಇಲ್ಲವಾದರೆ ಬಿಸಿ ತಾಳದೆ ಗಾಜು ಸೀಳಬಹುದು. ಉಳಿದ ಮೇಣವನ್ನು ತೆಗೆಯುವಲ್ಲಿಯೂ ಸೋಯಾವೇ ಸುಲಭ: ಲೋಟವನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಮೆತ್ತಗಾದದ್ದನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಸೋಪಿನಲ್ಲಿ ತೊಳೆದರಾಯಿತು. ಪ್ಯಾರಾಫಿನ್ ಲೋಟವನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಬಿಲ್ಲೆಯಾಗಿ ಎದ್ದು ಬರುತ್ತದೆ. ಬಚ್ಚಲಿನ ಮೋರಿಗೆ ಮಾತ್ರ ಯಾವುದನ್ನೂ ಸುರಿಯಬೇಡಿ. ಜೇನುಮೇಣ ಕರಗಿಸಿದ ಡಬರಿಯನ್ನು ಮೂರು ಸಲ ಕುದಿಸಿ ತೊಳೆದಿದ್ದೇನೆ, ಅಂಚಿನ ಹಳದಿ ಗೆರೆ ಹೋಗಿಲ್ಲ. ಅಮ್ಮ ಅದನ್ನು ಇನ್ನೂ ಅಡುಗೆಮನೆಗೆ ಸೇರಿಸಿಲ್ಲ.