ಸರದಿ ಎತ್ತುವ ಆ್ಯಪ್: ಕೆಲಸ ಚೊಕ್ಕ, ಪ್ರಮಾಣಪತ್ರ ಪೊಳ್ಳು

ಶಿರಸಿ ಸೀಮೆಯ ನಮ್ಮ ತಾಳಮದ್ದಳೆ ಬಳಗದಲ್ಲಿ 20 ಮನೆಗಳಿದ್ದು, ಕೂಟ ನಡೆಸುವ ಸರದಿಯನ್ನು ಈ ವರ್ಷ ಡಬ್ಬಿಯ ಚೀಟಿಯ ಬದಲು ಒಂದು ಉಚಿತ ಆ್ಯಪ್‌ನಿಂದ ಎತ್ತಲಾಯಿತು. ಅಡಿಕೆ ಕೊನೆಕೊಯ್ಲಿನ ತಿಂಗಳುಗಳ ಸರದಿ ಯಾರಿಗೂ ಬೇಡವಾದ್ದರಿಂದ ಇಲ್ಲಿ ಅನುಮಾನಕ್ಕೆ ಎಡೆಯಿರಬಾರದು.

ಬಳಕೆಯ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಹೆಸರುಗಳನ್ನು ಕನ್ನಡದಲ್ಲೇ ತುಂಬಬಹುದು. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ (ಘಟ್ಟದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ). ಸರದಿಯ ಕೆಳಗೆ ಅದಕ್ಕೆ ಬಳಸಿದ ಬೀಜಸಂಖ್ಯೆಯನ್ನೂ (ಆ್ಯಪ್‌ನ ಲೆಕ್ಕ ಶುರುವಾಗುವ ಮೂಲಸಂಖ್ಯೆ) ತೋರಿಸುವುದರಿಂದ, ಅದೇ ಪಟ್ಟಿಗೆ ಅದೇ ಸಂಖ್ಯೆ ಕೊಟ್ಟು ಯಾರು ಬೇಕಾದರೂ ತಾಳೆ ನೋಡಬಹುದು.

ತಕರಾರಿರುವುದು ಜೊತೆಗೆ ಬರುವ ‘ಶೇ 100 ಯಾದೃಚ್ಛಿಕ’ (ಯಾವ ಕ್ರಮಕ್ಕೂ ಒಳಪಡದ್ದು) ಎಂಬ ಪ್ರಮಾಣಪತ್ರದ ಬಗ್ಗೆ. ಆ್ಯಪ್‌ನ ಪರೀಕ್ಷಾ ವಿಭಾಗದಲ್ಲಿ ಸಾವಿರ ಸೊನ್ನೆಗಳನ್ನು ತುಂಬಿದಾಗ ಕೆಂಪು ಗುರುತು ಬಂತು, ಸರಿಯೇ. ಪೈ ಸಂಖ್ಯೆಯ ಮೊದಲ ಸಾವಿರ ದಶಮಾಂಶ ಅಂಕೆಗಳನ್ನು ಅಂಟಿಸಿದರೆ ಯಾದೃಚ್ಛಿಕವೆಂಬ ಹಸಿರು ಗುರುತು ಬಂತು! 1960ರ ದಶಕದಲ್ಲಿ ಸೊಲೊಮೊನೊಫ್, ಕೊಲ್ಮೊಗೊರೊವ್ ಮತ್ತು ಚೈಟಿನ್ ಎಂಬ ಗಣಿತಜ್ಞರು ಬೇರೆಬೇರೆಯಾಗಿ ತಲುಪಿದ ಅಳತೆಯಂತೆ, ಒಂದು ಅಂಕೆಮಾಲೆಯನ್ನು ಮುದ್ರಿಸಬಲ್ಲ ಅತಿ ಚಿಕ್ಕ ಪ್ರೋಗ್ರಾಂನ ಉದ್ದವೇ ಅದರ ಸಂಕೀರ್ಣತೆ. ಆ ಉದ್ದವು ಮಾಲೆಯ ಉದ್ದಕ್ಕಿಂತ ಹೇಳಿಕೊಳ್ಳುವಷ್ಟು ಕಡಿಮೆಯಾಗದಿದ್ದರೆ ಮಾತ್ರ ಮಾಲೆ ಯಾದೃಚ್ಛಿಕ. ಪೈ ಅಂಕೆಗಳನ್ನಾದರೋ ನಾಲ್ಕಾರು ಸಾಲಿನ ಪ್ರೋಗ್ರಾಂ ಬೇಕಾದಷ್ಟು ಸುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲ ಮಾಲೆಗಳ ಸಂಕೀರ್ಣತೆಯನ್ನೂ ಲೆಕ್ಕಹಾಕಿಕೊಡುವ ವಿಧಾನವೇ ಇರಲಾರದೆಂಬುದು ಸಾಧಿತವಾದ ಪ್ರಮೇಯ. ಅಡಗಿದ ಕ್ರಮ ಸಿಕ್ಕರೆ ಮಾಲೆ ಯಾದೃಚ್ಛಿಕವಲ್ಲ ಎನ್ನಬಹುದು. ಸಿಗಲಿಲ್ಲವೆಂದು ಮುದ್ರೆ ಒತ್ತಲು ಬರುವುದಿಲ್ಲ.

ಇನ್ನು ಆ್ಯಪ್‌ನ ಸ್ವಂತ ಸರದಿಯನ್ನೇ ನೋಡಿ. ಸಹಾಯ ಪುಟದಂತೆ ಬೀಜಸಂಖ್ಯೆ 32 ಬಿಟ್‌ಗಳದ್ದು (0 ಅಥವಾ 1 ಇರುವ 32 ಸ್ಥಾನಗಳು), ಅಂದರೆ ಹೆಚ್ಚೆಂದರೆ 4,29,49,67,296 ಸರದಿಗಳು. 20 ಮನೆಗಳನ್ನು ಸಾಲಾಗಿಡುವ ಬಗೆಗಳಾದರೋ 19 ಅಂಕೆಗಳ ಸಂಖ್ಯೆಯಷ್ಟು; ಸುಮಾರು 56 ಕೋಟಿ ಬಗೆಗಳಿಗೆ ಒಂದು ಮಾತ್ರ ಈ ಆ್ಯಪ್‌ನಿಂದ ಬರಲು ಸಾಧ್ಯ.

ತಾಳಮದ್ದಳೆಗೆ ಅಷ್ಟು ಸಾಕು, ಬೀಜಸಂಖ್ಯೆ ಯಾರ ಕೈವಾಡಕ್ಕೂ ಸಿಗಬಾರದಷ್ಟೆ. ಅದನ್ನು ಕೈಯಾರೆ ತುಂಬಲು ಅವಕಾಶವಿರುವುದರಿಂದ, ತನಗೆ ಅನುಕೂಲದ ಸರದಿ ಬರುವವರೆಗೆ ಮನೆಯಲ್ಲೇ ಪ್ರಯತ್ನಿಸಿ ನೋಡಿದವರನ್ನು ಯಾವ ಪ್ರಮಾಣಪತ್ರವೂ ಹಿಡಿಯದು. ನಾವು ಎಲ್ಲರೆದುರು ನಾಣ್ಯವನ್ನು 32 ಸಲ ಚಿಮ್ಮಿ ಆ ಸಂಖ್ಯೆಯನ್ನು ಪಡೆದೆವು. ನಾಣ್ಯದ ಫಲಿತಾಂಶವನ್ನು ನೇರವಾಗಿ ತುಂಬುವ ಸೌಲಭ್ಯವಿಲ್ಲದೆ, ದಶಮಾನಕ್ಕೆ ಬದಲಿಸಲು ಕ್ಯಾಲ್ಕುಲೇಟರ್ ಹಿಡಿಯಬೇಕಾಯಿತು. ಐದಕ್ಕೆ ಮೂರು ನಕ್ಷತ್ರ.