ಮಿಲಾನ್ ಮೆಟ್ರೋ: ಬಣ್ಣದ ಜೊತೆ ಕೊನೆಯ ನಿಲ್ದಾಣವನ್ನೂ ನೋಡಿ

ಕೆಲಸಕ್ಕೆಂದು ಮಿಲಾನ್‌ಗೆ ಬಂದು ಕೆಲವು ವರ್ಷಗಳಾದವು. ಕಾರು ಬೇಕು ಅಂತ ಇನ್ನೂ ಅನಿಸಿಲ್ಲ, ಮೆಟ್ರೋ ಅಷ್ಟು ಚೆನ್ನಾಗಿದೆ. ಬೆಂಗಳೂರಿನಿಂದ ಬರುವ ನೆಂಟರು ನಕ್ಷೆ ನೋಡಿಯೇ ಗಾಬರಿಯಾಗುತ್ತಾರೆ. ಆದರೆ ಇರುವುದು ಐದೇ ಮಾರ್ಗ: ಎಂ1 ಕೆಂಪು, ಎಂ2 ಹಸಿರು, ಎಂ3 ಹಳದಿ, ಎಂ4 ನೀಲಿ, ಎಂ5 ತಿಳಿ ನೇರಳೆ. ಮೊದಲನೆಯದು 1964ರದ್ದು. ತಮಾಷೆ ಅಂದ್ರೆ, ಎಂ5 2013ರಲ್ಲೇ ಶುರುವಾಯಿತು, ಎಂ4 ಬಂದಿದ್ದು 2022ರ ಕೊನೆಗೆ!

ಜನ ಎಡವುವುದು ಕವಲುಗಳಲ್ಲಿ. ಕೆಂಪು ಮಾರ್ಗ ಪಗಾನೋ ನಿಲ್ದಾಣ ದಾಟಿದ ಮೇಲೆ ಎರಡಾಗುತ್ತದೆ. ಒಂದು ರೋ ಫಿಯೆರಾಕ್ಕೆ, ಇನ್ನೊಂದು ಬಿಶೇಲಿಯೆಗೆ. ಹಸಿರು ಮಾರ್ಗಕ್ಕಂತೂ ಎರಡೂ ತುದಿಯಲ್ಲಿ ಕವಲಿದೆ. ಅದಕ್ಕೇ ಪ್ಲಾಟ್‌ಫಾರ್ಮ್ ಬೋರ್ಡ್‌ನಲ್ಲಿ ಕೊನೆಯ ನಿಲ್ದಾಣದ ಹೆಸರು ಓದಿ, ಆಮೇಲೆ ಹತ್ತಿ. ತಪ್ಪು ರೈಲು ಬಂದರೆ ಬಿಟ್ಟುಬಿಡಿ, ಹಿಂದೆಯೇ ಇನ್ನೊಂದು ಬರುತ್ತದೆ.

ಟಿಕೆಟ್ ವಿಷಯ ಸಲೀಸು. 2.20 ಯೂರೋಗೆ 90 ನಿಮಿಷ, ಬಸ್ಸು, ಟ್ರಾಮ್ ಎಲ್ಲ ಸೇರಿ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿದರೂ ಸಾಕು. ಆದರೆ ಕಾರ್ಡ್ ತೋರಿಸಿ ಒಳಗೆ ಹೋಗಿ, ಹೊರಗೆ ಬರುವಾಗ ಫೋನ್ ತೋರಿಸಬೇಡಿ. ಎರಡರಲ್ಲೂ ಅದೇ ಖಾತೆ ಇದ್ದರೂ ಗೇಟಿಗೆ ಅವು ಬೇರೆ ಬೇರೆ. ರೋ ಫಿಯೆರಾ ನಗರದ ಟಿಕೆಟ್ ವಲಯದಿಂದ ಆಚೆ ಬರುತ್ತದೆ, ಅಲ್ಲಿಗೆ ಕಾಗದದ ಟಿಕೆಟ್ ಕೊಳ್ಳುವವರು ಸ್ವಲ್ಪ ಜಾಸ್ತಿ ದರದ್ದನ್ನೇ ಕೇಳಿ ತಗೊಳ್ಳಿ.

ನನಗೆ ಇಷ್ಟವಾದದ್ದು ನೀಲಿ ಮಾರ್ಗ. ಲಿನಾತೆ ವಿಮಾನ ನಿಲ್ದಾಣದಿಂದ ಊರ ನಡುವಿನ ಸ್ಯಾನ್ ಬಾಬಿಲಾಕ್ಕೆ ಹನ್ನೆರಡು ನಿಮಿಷ. ಚಾಲಕರಿಲ್ಲದ ರೈಲು, ಹಾಗಾಗಿ ಮುಂದಿನ ಗಾಜಿನ ಬಳಿ ನಿಂತರೆ ಸುರಂಗ ನಮ್ಮ ಮೇಲೇ ನುಗ್ಗಿ ಬರುವ ಹಾಗಿರುತ್ತದೆ. ಮಕ್ಕಳು ಆ ಜಾಗ ಬಿಟ್ಟುಕೊಡುವುದಿಲ್ಲ, ದೊಡ್ಡವರೂ ಅಷ್ಟೇ! ಹಳೆಯ ಕೆಂಪು ಮಾರ್ಗದ ಸೊಗಸು ಬೇರೆ. ಮೆಟ್ಟಿಲ ಪಕ್ಕದ ಕೊಳವೆಯಂಥ ಕೆಂಪು ಹಿಡಿಕಂಬಿ ಕೊನೆಯಲ್ಲಿ ನುಣ್ಣಗೆ ಬಾಗಿ ಗೋಡೆ ಸೇರುತ್ತದೆ. ಫ್ರಾಂಕೋ ಆಲ್ಬಿನಿ, ಫ್ರಾಂಕಾ ಹೆಲ್ಗ್ ಮತ್ತು ಬಾಬ್ ನೂರ್ಡಾ ಸೇರಿ ಮಾಡಿದ ವಿನ್ಯಾಸ ಅದು, 1964ರಲ್ಲೇ ದೊಡ್ಡ ಪ್ರಶಸ್ತಿ ಗೆದ್ದಿತ್ತು.

ಮಲ್ಪೆನ್ಸಾ ವಿಮಾನ ನಿಲ್ದಾಣಕ್ಕೆ ಮಾತ್ರ ಮೆಟ್ರೋ ಇಲ್ಲ. ಕಡೋರ್ನಾ ಅಥವಾ ಚೆಂತ್ರಾಲೆ ರೈಲು ನಿಲ್ದಾಣದಿಂದ ಬೇರೆ ರೈಲು ಹಿಡಿಯಬೇಕು, ಅದಕ್ಕೆ ಟಿಕೆಟ್ಟೂ ಬೇರೆ.

ಇನ್ನು ಮುಷ್ಕರ. ಇಟಲಿ ಅಂದ್ಮೇಲೆ ಇದ್ದೇ ಇರುತ್ತೆ ಅಲ್ವಾ? ಮುಂಚೆಯೇ ಘೋಷಿಸುತ್ತಾರೆ. ಆ ದಿನವೂ ಸಾಮಾನ್ಯವಾಗಿ ಬೆಳಗ್ಗೆ 8.45ರ ತನಕ, ಮತ್ತೆ ಮಧ್ಯಾಹ್ನ 3ರಿಂದ ಸಂಜೆ 6ರ ತನಕ ರೈಲು ಓಡುತ್ತದೆ. ಮುಷ್ಕರ ಹೆಚ್ಚಾಗಿ ಶುಕ್ರವಾರವೇ ಬೀಳುವುದು, ಅವತ್ತು ಪ್ರಯಾಣವಿದ್ದರೆ ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳಿ.