ಗಸಿ ಬಿಟ್ಟುಹೋದ ಗೋಧಿ ಬಿಯರ್

ಸಿಂಗಪುರದಲ್ಲಿ ಜರ್ಮನ್ ಊಟ ಎಲ್ಲಿ ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ, ನದಿ ದಂಡೆಯ ಹಳೆಯ ಶೈಲಿಯ ಬಿಯರ್ ಮನೆಯ ಕಡೆಗೇ ಕೈ ತೋರಿಸುತ್ತೇನೆ. ಈ ಮಾತನ್ನು ಆಡಲು ಇನ್ನೊಂದು ಕಡೆ 250 ಡಾಲರ್ ತೆತ್ತಿದ್ದೇನೆ.

ಮದುವೆಯ ಹತ್ತನೇ ವರ್ಷಕ್ಕೆಂದು ಹೆಂಡತಿಯನ್ನು ‘ಆಧುನಿಕ ಜರ್ಮನ್ ಅಡುಗೆ’ಯ ಹೋಟೆಲಿಗೆ ಕರೆದೊಯ್ದಿದ್ದೆ. ಎರಡು ವಾರ ಕಳೆದು, ಹಾಸನದಿಂದ ಬಂದ ಗೆಳೆಯನೊಂದಿಗೆ ಬಿಯರ್ ಮನೆಗೆ ಹೋದೆ. ಎರಡೂ ಕಡೆ ಕುಡಿದದ್ದು ಒಂದೇ ಕಂಪನಿಯ ಹೆಫೆವೈಜೆನ್, ಅಂದರೆ ಸೋಸದ ಗೋಧಿ ಬಿಯರ್.

ಮೊದಲ ಕಡೆ ಅರ್ಧ ಲೀಟರಿನ ಬಾಟಲಿ ಬಂತು. ಮಾಣಿ ಅದನ್ನು ಫ್ರೀಜರಿನಿಂದ ತೆಗೆದ ಎರಡು ಪುಟ್ಟ ಗ್ಲಾಸುಗಳಿಗೆ ಹಂಚಿ, ಅಂಚಿಗೆ ನಿಂಬೆಹಣ್ಣಿನ ಬಿಲ್ಲೆ ಸಿಕ್ಕಿಸಿದ. ತಳದಲ್ಲಿ ಎರಡು ಬೆರಳಿನಷ್ಟು ಬಿಯರ್ ಉಳಿದಿರುವಾಗಲೇ ಬಾಟಲಿ ಎತ್ತಿಕೊಂಡು ಹೊರಟ. ತಡೆದು ಕೇಳಿದರೆ, ಅದು ಬರೀ ಗಸಿ, ಕುಡಿಯುವಂಥದ್ದಲ್ಲ ಎಂದ.

ಆ ಗಸಿಯೇ ಯೀಸ್ಟ್. ‘ಹೆಫೆ’ ಎಂಬ ಪದದ ಅರ್ಥವೇ ಅದು. ಈ ಬಿಯರಿನ ಬಾಳೆಹಣ್ಣು, ಲವಂಗದ ಪರಿಮಳ ಹುಟ್ಟುವುದು ಅದರ ಹುದುಗುವಿಕೆಯಿಂದ. ಜರ್ಮನಿಯ ಬವೇರಿಯಾದಲ್ಲಿ ಗ್ಲಾಸನ್ನು ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯುತ್ತಾರೆ. ಕೊನೆಯಲ್ಲಿ ಉಳಿದದ್ದನ್ನು ಬಾಟಲಿಯಲ್ಲೇ ಗಿರ್ರನೆ ಆಡಿಸಿ, ಕದಡಿದ್ದನ್ನು ನೊರೆಯ ಮೇಲೆ ಹಾಕುತ್ತಾರೆ. ನನಗೆ ಆದದ್ದು, ಹುಳಿಯ ತಿಳಿಯನ್ನಷ್ಟೇ ಬಡಿಸಿ ತಳದ ಬೇಳೆಯನ್ನು ಒಳಗೆ ಒಯ್ದಂತೆ.

ನಿಂಬೆಯದು ಬೇರೆಯೇ ಗೋಳು. ಸಿಪ್ಪೆಯ ಎಣ್ಣೆ ತಾಗಿ, ಮೊದಲ ಗುಟುಕಿಗೆ ಮುಂಚೆಯೇ ನೊರೆ ಇಳಿದುಹೋಯಿತು. ಗ್ಲಾಸಿನ ಥಂಡಿಗೆ ನಾಲಿಗೆ ಮರಗಟ್ಟಿ ಬಾಳೆಯೂ ಸಿಗಲಿಲ್ಲ, ಲವಂಗವೂ ಸಿಗಲಿಲ್ಲ. ಹೆಂಡತಿ ಗುಟುಕರಿಸಿ, “ಇದು ನಿಂಬೆ ಸೋಡಾ ಅಲ್ಲವೇ?” ಎಂದಳು.

ಬಿಯರ್ ಮನೆಯಲ್ಲಿ ನೀರಿನಲ್ಲಿ ಅದ್ದಿ ತೆಗೆದ ಉದ್ದನೆಯ ಗ್ಲಾಸು, ಗಸಿಯ ಸಮೇತ ಬಿಯರ್. ಗೆಳೆಯನ ಮೀಸೆಯ ಮೇಲೆ ಇನ್ನೊಂದು ಬಿಳಿ ಮೀಸೆ. ಮೆನುವಿನ ಮೇಲೆ ಬವೇರಿಯಾದ 1516ರ ಶುದ್ಧತೆಯ ಕಟ್ಟಳೆಯನ್ನು ಹೆಮ್ಮೆಯಿಂದ ಅಚ್ಚು ಹಾಕಿಸಿದ್ದರು. ಆ ಕಟ್ಟಳೆ ಒಪ್ಪಿದ್ದು ಬಾರ್ಲಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ, ನೀರು ಮಾತ್ರ. ಗೋಧಿಗೆ ಅಲ್ಲಿ ಜಾಗವಿರಲಿಲ್ಲ! ಗೋಧಿ ಬಿಯರ್ ಮಾಡಲು ಅರಸರ ಪ್ರತ್ಯೇಕ ಅಪ್ಪಣೆ ಬೇಕಿತ್ತು, 1602ರಲ್ಲಿ ಅರಸರೇ ಆ ಹಕ್ಕನ್ನು ತಮ್ಮ ಕೈಗೆ ತೆಗೆದುಕೊಂಡರು. ಇದನ್ನೆಲ್ಲ ಗೆಳೆಯನಿಗೆ ವಿವರಿಸಲು ಹೊರಟೆ. ಅವನ ಗಮನ ಹುರಿದ ಹಂದಿ ಕಾಲಿನ ಗರಿಗರಿ ಚರ್ಮದ ಮೇಲಿತ್ತು.

ಊಟದ ವಿಷಯ. ಸ್ಪೆಟ್ಸ್‌ಲೆ ಎಂದರೆ ಮೊಟ್ಟೆ ಕಲಸಿದ ಹಿಟ್ಟನ್ನು ನಮ್ಮ ಶಾವಿಗೆ ಒರಳಿನಂಥದರಲ್ಲಿ ಕುದಿನೀರಿಗೆ ಒತ್ತಿ ಬೇಯಿಸುವುದು. ಬಿಯರ್ ಮನೆಯಲ್ಲಿ ಅದು ಚೀಸ್, ಹುರಿದ ಈರುಳ್ಳಿಯೊಂದಿಗೆ ಬಾಣಲೆ ತುಂಬ ಬಂತು. ಆಧುನಿಕರ ತಟ್ಟೆಯಲ್ಲಿ ಎಣಿಸಿದೆ: ಹದಿನಾಲ್ಕು ಎಳೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅವರ ಬಿಳಿ ಆಸ್ಪರಾಗಸ್ ಮಾತ್ರ ಅಪ್ಪಟ. ಜರ್ಮನಿಯಲ್ಲಿ ಅದರ ಕೊಯ್ಲು ಜೂನ್ 24ಕ್ಕೆ ಮುಗಿಯುತ್ತದೆ. ನಾವು ಹೋದದ್ದು ಮೇ ತಿಂಗಳಲ್ಲಿ. ಬೆಣ್ಣೆಯಲ್ಲಿ ಮಿಂದ ಆ ದಂಟಿನ ಎದುರು ಬಿಯರ್ ಮನೆಯ ಯಾವ ತರಕಾರಿಯೂ ನಿಲ್ಲುವುದಿಲ್ಲ.

ಸಸ್ಯಾಹಾರಿಗಳು ಬಿಯರ್ ಮನೆಯ ಹುಳಿ ಎಲೆಕೋಸನ್ನು ಕೇಳಿಯೇ ತಿನ್ನಬೇಕು, ಅದರಲ್ಲಿ ಹಂದಿ ಮಾಂಸದ ಚೂರುಗಳಿದ್ದವು.

ಎರಡೂ ಕಡೆ ಮೆನುವಿನ ಬೆಲೆಯನ್ನು ನಂಬಬೇಡಿ. ಶೇಕಡಾ 10 ಸೇವಾ ಶುಲ್ಕ, ಅದರ ಮೇಲೆ ಶೇಕಡಾ 9 ತೆರಿಗೆ ಸೇರಿ ನೂರು ಡಾಲರ್ ಊಟ ಸುಮಾರು 120 ಆಗುತ್ತದೆ. ತಲೆಗೆ 60 ಮೀರದಂತೆ ಹೊಟ್ಟೆ ತುಂಬ ತಿಂದು ಎರಡು ತಾಸು ಹರಟುವವನು ನಾನು. ನನಗೆ ಬಿಯರ್ ಮನೆಯ ಬೆಂಚೇ ಸರಿ.

ಹೆಂಡತಿಗೆ ಮಾತ್ರ ಮುಂದಿನ ಮೇ ತಿಂಗಳಿಗೂ ಅದೇ ಆಸ್ಪರಾಗಸ್ ಬೇಕಂತೆ. ಹೋಗುತ್ತೇವೆ. ನಿಂಬೆ ಬೇಡ, ಬಾಟಲಿಯನ್ನು ನನ್ನ ಕೈಗೇ ಕೊಡಿ ಎಂದು ಕುಳಿತುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ.